ಹರಳೆಣ್ಣೆಯ ಯುಗಾದಿ

ಆ ವರ್ಷ ಪೆರಂಬೂರಿನ ಜನ ದೇವರ ದಾರಿ ಕಾಯುವುದು ಬಿಟ್ಟು ಮೆಟ್ರೋವಾಟರ್‌ನವರ ನೀರಿನ ಲಾರಿಯ ದಾರಿ ಕಾಯುತ್ತಿದ್ದರು. ಯುಗಾದಿಯ ಹಿಂದಿನ ದಿನ ಬರಬೇಕಾಗಿದ್ದ ಲಾರಿ ಬರಲಿಲ್ಲ. ಸುಶಮೀಂದ್ರನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಬೆಳಗ್ಗೆ ಗೋದಾಬಾಯಿ ಮಗನನ್ನು ಮಣೆಯ ಮೇಲೆ ಕೂರಿಸಿ, ಕಾಯಿಸಿದ ಹರಳೆಣ್ಣೆಯ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಸೆರಗು ಬಿಗಿದರು. ಊರಿಗೆ ಚೆನ್ನೈ ಅಂತ ಹೆಸರು ಬದಲಾಗಿ ವರ್ಷಗಳಾಗಿದ್ದರೂ ಅವರಿಗೆ ಅದಿನ್ನೂ ಮದರಾಸೇ, ಯುಗಾದಿಗೆ ಹರಳೆಣ್ಣೆಯೇ.

"ಅಮ್ಮ, ಇವತ್ತು ಕಬಡ್ಡಿ ಫೈನಲ್ಸು. ತಲೆಗೆ ಒಂದು ಚೂರು ಮುಟ್ಟಿಸಿಬಿಡು, ಸಾಕು" ಎಂದ ಸುಶಮೀಂದ್ರ.

"ನಿನ್ನನ್ನ ಯಾವತ್ತು ಡಾ ಆಟಕ್ಕೆ ಇಳಿಸಿದ್ದಾರೆ? ಮೂರು ವರ್ಷದಿಂದ ಟವೆಲ್ ಹಿಡ್ಕೊಂಡು ಕೂತಿದ್ದೀಯ. ಅದಕ್ಕೆ ಎಣ್ಣೆ ಅಡ್ಡ ಬರುತ್ತಾ? ಬೆನ್ನು ಕೊಡು ಕಣ್ಣಾ."

ಮಾತು ನಿಜವೇ. ಬಿ.ಕಾಂ. ಕೊನೆಯ ವರ್ಷದ ಸುಶಮೀಂದ್ರ ಕಾಲೇಜು ತಂಡದ ಕಾಯಂ ಮೀಸಲು ಆಟಗಾರ. ಅವನು ಬೆನ್ನು ಕೊಟ್ಟ. ನೆತ್ತಿಯಿಂದ ಅಂಗಾಲಿನ ತನಕ ಎಣ್ಣೆ ಇಳಿಯಿತು. ಅದನ್ನು ತೆಗೆಯಲು ಬೇಕಾದಷ್ಟು ಸೀಗೆಪುಡಿ ಇತ್ತು, ನೀರು ಮಾತ್ರ ಅರ್ಧ ಬಕೆಟ್. ದೇವರಿಗೆ, ಅಡುಗೆಗೆ ಎತ್ತಿಟ್ಟ ಮೇಲೆ ಉಳಿದದ್ದು ಅಷ್ಟೇ. ಮೈಮೇಲಿದ್ದ ಎಣ್ಣೆಯಲ್ಲಿ ಅರ್ಧ ಹೋಯಿತು, ಉಳಿದರ್ಧ ಅವನ ಜೊತೆಗೇ ಬಚ್ಚಲಿನಿಂದ ಹೊರಗೆ ಬಂತು.

ಎಣ್ಣೆ ನೀರು ಬಿದ್ದ ಮೈಗೆ ಬರುವ ಆ ಹಿತವಾದ ಮಂಪರು ಗೊತ್ತಲ್ಲ, ಅದು ಆಗಲೇ ಅವನ ರೆಪ್ಪೆಯ ಮೇಲೆ ಕೂತಾಗಿತ್ತು. ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗಲೂ ಅವನು ಕನಸು ಕಾಣುತ್ತಲೇ ಇದ್ದ. ಕನಸೆಲ್ಲ ಸಂಜೆಯದು. ಸಂಜೆ ಮೈಲಾಪುರದ ಒಂದು ಸಣ್ಣ ಸಂಗೀತ ಸಭಾದಲ್ಲಿ ಅಕ್ಷಯಾಳ ಯುಗಾದಿ ಕಚೇರಿ. ಅವಳ ಹಿಂದೆ ತಂಬೂರಿ ಹಿಡಿದು ಕೂರುವವನು ಸಾಕ್ಷಾತ್ ಸುಶಮೀಂದ್ರ.

ಅಕ್ಷಯಾ ಎರಡು ಬೀದಿ ಆಚೆಯ ಬದರಿನಾಥರ ಮಗಳು. ಅವಳು ಆಲಾಪನೆ ಶುರು ಮಾಡಿದರೆ ಸುಶಮೀಂದ್ರನಿಗೆ ತಾನು ನೆಲದಿಂದ ಒಂದು ಗೇಣು ಮೇಲೆ ಇದ್ದ ಹಾಗೆ ಅನ್ನಿಸುತ್ತಿತ್ತು. ಪ್ರೀತಿ ಅಂದರೆ ಪ್ರೀತಿ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಅವಳಿಗೆ ಹೇಳಿರಲಿಲ್ಲ, ಅಷ್ಟೇ. ರಾಮನವಮಿಯ ಹೊತ್ತಿಗೆ ಊರ ತುಂಬ ಅವಳ ಕಚೇರಿಗಳಿದ್ದವು. ಬದರಿನಾಥರು ಖಡಾಖಂಡಿತವಾಗಿ ಹೇಳಿದ್ದರು: "ಇವತ್ತು ಒಂದು ದಿನ ನೋಡ್ತೀನಿ. ಸರಿಯಾಗಿ ಕೂತರೆ ರಾಮನವಮಿಗೆಲ್ಲ ನೀನೇ. ಹೋದ ಸಲದ ಹುಡುಗ ವೇದಿಕೆ ಮೇಲೆ ಆಕಳಿಸಿದ. ಅವತ್ತೇ ಅವನಿಗೆ ಕೈ ಮುಗಿದು ಕಳಿಸಿಬಿಟ್ಟೆ."

ರಾಮನವಮಿಗೆಲ್ಲ ನೀನೇ. ಅಂದರೆ ನಂಗನಲ್ಲೂರಿಗೆ, ಟ್ರಿಪ್ಲಿಕೇನ್‌ಗೆ ಅವಳ ಜೊತೆ ಒಂದೇ ಟ್ಯಾಕ್ಸಿಯಲ್ಲಿ, ಮಧ್ಯೆ ತಂಬೂರಿ ಇಟ್ಟುಕೊಂಡು. ಅದನ್ನೇ ನೆನೆಯುತ್ತ ಅವನು ಮೈದಾನ ತಲುಪಿದ.

ಹಬ್ಬಕ್ಕೆ ಶನಿವಾರ ಭಾನುವಾರ ಸೇರಿ ಕಾಲೇಜಿಗೆ ರಜ. ಮೈದಾನ ಖಾಲಿ ಸಿಕ್ಕುತ್ತದೆ ಅಂತ ಫೈನಲ್ಸ್ ಅಂದೇ ಇಟ್ಟಿದ್ದರು. ತಂಡದ ಹುಡುಗರೆಲ್ಲ ತಮಿಳರು, ಅವರ ವರ್ಷಾರಂಭಕ್ಕೆ ಇನ್ನೂ ಸಮಯವಿತ್ತು. ಹಾಗಾಗಿ ಸುಶಮೀಂದ್ರ ಯಾಕೆ ಬಿಸಿಲಿಗೆ ಮಿರಮಿರ ಮಿಂಚುತ್ತಿದ್ದಾನೆ ಅಂತ ಯಾರಿಗೂ ತಲೆಗೆ ಹೋಗಲಿಲ್ಲ. ಅವನು ಬೆಂಚಿನ ತುದಿಯಲ್ಲಿ ಕೂತು ಬೇವಿನ ಹೂವಿನ ವಾಸನೆಯಲ್ಲಿ ಅರೆಗಣ್ಣು ಮುಚ್ಚಿದ್ದ. ಅಷ್ಟರಲ್ಲಿ ತಂಡದ ಒಳ್ಳೆಯ ರೈಡರ್‌ನ ಕಾಲು ಉಳುಕಿತು.

"ಡೇ ಸುಶಾ, ಎಳುಂದಿರು ಡಾ" ಎಂದು ನಾಯಕ ಮೋಹನ್ ಅವನನ್ನು ಎಬ್ಬಿಸಿ, ಅಂಕಣದೊಳಕ್ಕೆ ತಳ್ಳಿದ.

ಸುಶಮೀಂದ್ರ ಕಬಡ್ಡಿ ಕಬಡ್ಡಿ ಅನ್ನುತ್ತ ಎದುರಾಳಿಗಳ ಕಡೆಗೆ ತೇಲಿಕೊಂಡು ಹೋದ. ಜೋಗುಳ ಹಾಡುವ ಹಾಗೆ ಕೇಳುತ್ತಿತ್ತು. ದಾಂಡಿಗನೊಬ್ಬ ಅವನ ಕಾಲು ಹಿಡಿದ, ಕಾಲು ಜಾರಿತು. ಇನ್ನೊಬ್ಬ ಸೊಂಟ ಹಿಡಿದ, ಸೊಂಟವೂ ಜಾರಿತು. ಮೂರನೆಯವನು ಮೈಮೇಲೆ ಬಿದ್ದು ತಾನೇ ಆಚೆ ಕಡೆ ಉರುಳಿಕೊಂಡ. ಸುಶಮೀಂದ್ರ ಸಿಪ್ಪೆ ಬಿಟ್ಟ ಮಾವಿನ ಓಟೆಯ ಹಾಗೆ ಎಲ್ಲರ ಕೈಯಿಂದಲೂ ನುಣುಚಿ ವಾಪಸ್ ಗೆರೆ ದಾಟಿದ. ಜನ ಹೋ ಎಂದರು. ಮತ್ತೆ ಕಳಿಸಿದರು, ಮತ್ತೆ ಹಾಗೇ ಆಯಿತು. ಅವನಿಗೆ ಎಲ್ಲ ಬಹಳ ದೂರದಲ್ಲಿ, ನಿಧಾನವಾಗಿ, ಬೇರೆ ಯಾರಿಗೋ ನಡೆಯುತ್ತಿರುವಂತಿತ್ತು. ಅಕ್ಷಯಾ ಇದನ್ನು ನೋಡಬೇಕಿತ್ತು ಅಂದುಕೊಂಡ.

ನೋಡಿದ್ದು ರೆಫರಿ. ಆತ ಹತ್ತಿರ ಬಂದು ಇವನ ತೋಳಿನ ಮೇಲೆ ಬೆರಳು ಎಳೆದು ಮೂಗಿಗೆ ಹಿಡಿದುಕೊಂಡ.

"ವಿಳಕ್ಕೆಣ್ಣೆಯಾ?"

ಆ ಊರಲ್ಲಿ ಹರಳೆಣ್ಣೆಗೆ ಹಾಗನ್ನುತ್ತಾರೆ, ಕೈಲಾಗದ ಪೆದ್ದನನ್ನೂ ಹಾಗೇ ಬೈಯುತ್ತಾರೆ. ರೆಫರಿ ಎಣ್ಣೆಯನ್ನೇ ಕೇಳಿದ್ದ, ಆಮೇಲೆ ಉಳಿದವರು ಬೈದೇ ಬಿಟ್ಟರು. ಮೈಗೆ ಎಣ್ಣೆ ಸವರಿಕೊಂಡು ಕಬಡ್ಡಿ ಆಡುವ ಹಾಗಿಲ್ಲ ಅನ್ನುವುದು ಬೀದಿಯ ಮಕ್ಕಳಿಗೂ ಗೊತ್ತಿದ್ದ ನಿಯಮ. ಸುಶಮೀಂದ್ರ ತಂದ ಅಂಕಗಳನ್ನೆಲ್ಲ ಹೊಡೆದುಹಾಕಿ ಅವನನ್ನು ಆಚೆ ಕಳಿಸಿದರು. ತಂಡ ಸೋತದ್ದು ಸರಿಯಾಗಿ ಅಷ್ಟೇ ಅಂಕಗಳಿಂದ.

"ಹಬ್ಬವನ್ನ ಮನೆಯಲ್ಲೇ ಬಿಟ್ಟು ಬರೋಕೆ ಆಗಲಿಲ್ವಾ?" ಎಂದು ಮೋಹನ್ ತಮಿಳಿನಲ್ಲಿ ಕೇಳಿದ. ಕೋಪ ಮಾಡಿಕೊಂಡಿದ್ದರೆ ವಾಸಿಯಿತ್ತು, ಅವನು ಅಳುವ ಹಾಗಿದ್ದ. ಇರಲಿ, ಸಂಜೆಯಾದರೂ ಕೈಬಿಡದಿದ್ದರೆ ಸಾಕು ಎಂದು ಸುಶಮೀಂದ್ರ ಮನೆಯ ಕಡೆ ಕಾಲೆಳೆದ.

ಮನೆಯಲ್ಲಿ ಒಬ್ಬಟ್ಟು. ಎಣ್ಣೆ ನೀರಿನ ಮೈ, ಮಾರ್ಚ್ ತಿಂಗಳ ಬಿಸಿಲು, ಸೋತ ಬೇಸರ, ಅದರ ಮೇಲೆ ತುಪ್ಪದಲ್ಲಿ ಮುಳುಗಿಸಿದ ಒಬ್ಬಟ್ಟು. ಒಂದು ಗಳಿಗೆ ಮಲಗಿ ಎದ್ದರೆ ಸಂಜೆಗೆ ಹೊಸ ಮನುಷ್ಯ ಆಗಿಬಿಡುತ್ತೇನೆ ಅಂತ ಅವನು ಚಾಪೆ ಬಿಚ್ಚಿದ. ಗೋದಾಬಾಯಿ ಚಾಪೆಯನ್ನು ಸುತ್ತಿ ಎತ್ತಿಟ್ಟರು.

"ಎಣ್ಣೆ ನೀರು ಹಾಕ್ಕೊಂಡ ದಿನ ಹಗಲು ಮಲಗಬಾರದು. ಗೊತ್ತಿಲ್ವಾ?"

"ಅಮ್ಮ, ಸಂಜೆ ಕಚೇರಿ ಇದೆಯಮ್ಮ. ಅಲ್ಲಿ ತೂಕಡಿಸಿದರೆ ನನ್ನ ಕತೆ ಮುಗೀತು."

"ಅದಕ್ಕೇ ಈಗ ತೂಕಡಿಸಬೇಡ. ಅಮ್ಮಣ್ಣಿಯವರೇ, ಸ್ವಲ್ಪ ಬರ್ತೀರಾ? ಇವನನ್ನ ನೋಡ್ಕೊಳ್ಳಬೇಕಿತ್ತು."

ಅಮ್ಮಣ್ಣಿ ಪಕ್ಕದ ಮನೆಯವರು. ಗಂಡನಿಗೆ ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಕೆಲಸವಾಗಿ ಮಂಡ್ಯದ ಕಡೆಯಿಂದ ಹೊಸದಾಗಿ ಬಂದಿದ್ದರು. ಕನ್ನಡದಲ್ಲಿ ಮಾತಾಡಲು ಯಾರಾದರೂ ಸಿಕ್ಕಿದರೆ ಅವರಿಗೆ ಅದೇ ಹಬ್ಬ. ಬಂದವರೇ ಎದುರಿಗೆ ಕಾಲು ಚಾಚಿ ಕೂತು ಪಂಚಾಂಗ ಅವನ ಕೈಗೆ ಕೊಟ್ಟರು.

"ಓದು ಮಗಾ, ವರ್ಷದ ಫಲ. ಓದ್ತಾ ಇದ್ರೆ ನಿದ್ದೆ ಹತ್ರಕ್ಕೂ ಬರಾಕಿಲ್ಲ. ನಂದು ಮೇಷ."

ಸುಶಮೀಂದ್ರ ಓದತೊಡಗಿದ. ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದಾಡಿದವು. "ಮೇಷ ರಾಶಿಯವರಿಗೆ ಈ ವರ್ಷ ಮನೆಯಲ್ಲಿ ಶುಭಕಾರ್ಯ... ಬಂಧುಗಳಿಂದ ಸಹಾಯ... ಮೇಷ ರಾಶಿಯವರು ಎದುರಾಳಿಯ ಕೈಯಿಂದ ಜಾರಿಕೊಂಡು... ರೆಫರಿಯಿಂದ ಮೈದಾನದ ಆಚೆ..."

ಅಮ್ಮಣ್ಣಿ ಮುಖ ಬಿಳಿಚಿಕೊಂಡಿತು. "ಯಾವ ಮೈದಾನ ಮಗಾ? ಇನ್ನೊಂದ್ ಸಲ ಓದು. ಇದಕ್ಕೆ ಶಾಂತಿ ಗೀಂತಿ ಏನಾದ್ರೂ ಬರ್ದವ್ರಾ?"

ಮುಖಕ್ಕೆ ಚಿಮುಕಿಸಲು ನೀರಿಲ್ಲ. ಅಮ್ಮಣ್ಣಿ ಅವನ ಕಿವಿ ಹಿಂಡಿ, ಹಸಿ ಶುಂಠಿ ಅಗಿಸಿ, ತವರಿನ ಕತೆಗಳನ್ನೆಲ್ಲ ಹೇಳಿ ಹೊತ್ತು ಕಳೆದರು. ರೆಪ್ಪೆ ಕೂಡಿದಾಗಲೆಲ್ಲ ಮಂಡಿಗೆ ಒಂದು ಚಿವುಟು. ಕಚೇರಿಗೆ ಹೊರಡುವ ಹೊತ್ತಿಗೆ ಅವನು ಎಚ್ಚರವಾಗೇನೋ ಇದ್ದ, ಆದರೆ ಬಸ್ ಸ್ಟಾಪಿನಲ್ಲಿ ತಂಬೂರಿ ಅವನನ್ನು ಹಿಡಿದುಕೊಂಡು ನಿಂತಿತ್ತೋ ಅವನು ತಂಬೂರಿಯನ್ನೋ ಹೇಳುವುದು ಕಷ್ಟವಾಗಿತ್ತು.

ಇಪ್ಪತ್ತೊಂಬತ್ತು ಸಿ ಬಸ್ಸಿನ ಕಂಡಕ್ಟರ್ ತಂಬೂರಿಗೂ ಟಿಕೆಟ್ ಹರಿದ. ಸಂಜೆಯ ಬೆಳಕು ಕಿಟಕಿಯಿಂದ ಜೇನಿನ ಹಾಗೆ ಒಳಕ್ಕೆ ಸುರಿಯುತ್ತಿತ್ತು. ಸುಶಮೀಂದ್ರ ತಂಬೂರಿಯ ಬುರುಡೆಯ ಮೇಲೆ ಕೆನ್ನೆಯಿಟ್ಟ. ಕಣ್ಣು ಬಿಟ್ಟಾಗ ಬೀದಿಯೊಂದು, ಮುಚ್ಚಿದಾಗ ಅಕ್ಷಯಾಳ ಹಸಿರು ದಾವಣಿ. ಸ್ಟಾಪಿನಲ್ಲಿ ಇಳಿಸಿದ್ದು ಹಿಂದಿನ ಸೀಟಿನ ಪುಣ್ಯಾತ್ಮ, ಅವನಿಗೂ ಮೈಲಾಪುರವೇ ಆಗಿದ್ದರಿಂದ.

ಸಭಾದಲ್ಲಿ ಅಕ್ಷಯಾ ನಿಜವಾಗಿಯೂ ಹಸಿರು ಉಟ್ಟಿದ್ದಳು. ಅವನನ್ನು ಕಂಡು ನಕ್ಕಳು. "ಸೋತ್ರಂತೆ? ಪರವಾಗಿಲ್ಲ ಬಿಡು, ನೆಕ್ಸ್ಟ್ ಟೈಮ್ ಪಾತ್ತುಕಲಾಂ, ನೋಡ್ಕೊಳ್ಳೋಣ. ಇವತ್ತು ನನ್ನ ಜೊತೆ ಚೆನ್ನಾಗಿ ಕೂತ್ಕೋ. ನೀನೇ ಬಂದರೆ ನನಗೂ ಧೈರ್ಯ." ಆ ಮಾತಿಗೆ ಅವನು ಪೂರ್ತಿ ಎಚ್ಚರವಾದ. ಆ ಎಚ್ಚರ ಅವಳು ಮೊದಲಿಗೆ ಹಾಡಿದ ವರ್ಣ ಮುಗಿಯುವ ತನಕ ಇತ್ತು.

ಬದರಿನಾಥರು ಮೊದಲ ಸಾಲಿನಲ್ಲಿ, ನೇರ ಇವನ ಮುಖ ನೋಡುತ್ತ ಕೂತಿದ್ದರು. ಆಕಳಿಕೆ ಗಂಟಲಿಗೆ ಬಂತು. ಸುಶಮೀಂದ್ರ ದವಡೆ ಕಚ್ಚಿ ನುಂಗಿದ. ನುಂಗಿದ ಆಕಳಿಕೆ ಕಣ್ಣಲ್ಲಿ ನೀರಾಗಿ ಬಂತು. ಇನ್ನೊಂದು ನುಂಗಿದ, ನೀರು ಕೆನ್ನೆಗಿಳಿಯಿತು. ಎದೆಗೊರಗಿದ ತಂಬೂರಿ ಝೇಂಕರಿಸುತ್ತಿತ್ತು. ಇಡೀ ದಿನ ಒಬ್ಬರಾದ ಮೇಲೊಬ್ಬರು ಅವನ ಕಣ್ಣಿಂದ ದೂರ ಇಟ್ಟಿದ್ದ ನಿದ್ದೆ ಈಗ ತಂತಿಯ ಮೇಲೆ ನಡೆದು ಬಂತು. ಅಕ್ಷಯಾ ನಿಧಾನವಾಗಿ ಒಂದು ದೇವರನಾಮ ಎತ್ತಿಕೊಂಡಳು.

ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು ಮೀಟುತ್ತಿದ್ದವು, ಚಿಕ್ಕಂದಿನಿಂದ ಅಭ್ಯಾಸ. ಉಳಿದ ಸುಶಮೀಂದ್ರ ಹೊರಟುಹೋಗಿದ್ದ. ನಾಲ್ಕು ತಂತಿಗಳು ನಾಲ್ಕು ಹಳಿಗಳಾಗಿದ್ದವು. ಹೊಸ ಬಣ್ಣದ ವಾಸನೆಯ ರೈಲು ಡಬ್ಬಿಯೊಂದು ಪೆರಂಬೂರಿನ ರೈಲು ಕಾರ್ಖಾನೆಯಿಂದ ಹೊರಟು, ನೀರು ತುಂಬಿದ ಪೋರೂರು ಕೆರೆಯ ಮೇಲೇ ಸದ್ದಿಲ್ಲದೆ ಸಾಗುತ್ತಿತ್ತು. ಕಿಟಕಿಯಲ್ಲಿ ಅಕ್ಷಯಾ. ಎಷ್ಟು ನೀರು, ಎಷ್ಟು ತಂಪು. ಯಾರೂ ಅವನ ಮಂಡಿ ಚಿವುಟಲಿಲ್ಲ.

ಚಪ್ಪಾಳೆಗೆ ಎಚ್ಚರವಾಯಿತು. ಮಂಗಳ ಮುಗಿದಿತ್ತು. ಎದುರಿಗೆ ಬದರಿನಾಥರು ಎದ್ದು ನಿಂತಿದ್ದರು. ಅವರ ಕಣ್ಣು ಕೆಂಪಾಗಿತ್ತು. ಸುಶಮೀಂದ್ರ ತಂಬೂರಿಯ ಹಿಂದೆ ಮುಖ ಮರೆಸಿಕೊಂಡ. ಅವರು ವೇದಿಕೆ ಹತ್ತಿ ಬಂದು ಅವನ ಎರಡೂ ಭುಜ ಹಿಡಿದುಕೊಂಡರು.

"ಏನು ಭಕ್ತಿಯಪ್ಪಾ ನಿಂದು. ಇಂಥ ವಯಸ್ಸಿನಲ್ಲಿ. ಕಣ್ಣು ಮುಚ್ಚಿ, ಕಣ್ಣೀರು ಸುರಿಸಿಕೊಂಡು, ಮೈಮೇಲೆ ಪ್ರಜ್ಞೆಯೇ ಇಲ್ಲದೆ... ನಾನು ಹಾಡು ಬಿಟ್ಟು ನಿನ್ನನ್ನೇ ನೋಡ್ತಾ ಇದ್ದೆ ಕಣಯ್ಯಾ."

ಸುಶಮೀಂದ್ರನಿಗೆ ನಂಬಲಾಗಲಿಲ್ಲ. ಬದುಕಿದೆ, ಗೆದ್ದೆ, ಟ್ಯಾಕ್ಸಿ ಸಿಕ್ಕಿತು. ತಂಬೂರಿಯ ಮರೆಯಿಂದ ಅಕ್ಷಯಾ ಅವನ ಕಿವಿಯ ಹತ್ತಿರ ಬಗ್ಗಿದಳು. "ಗೊರಕೆ ನನಗೆ ಕೇಳಿಸ್ತು. ಶ್ರುತಿಯಲ್ಲೇ ಇತ್ತು, ಮಂದ್ರ ಷಡ್ಜ. ಅಪ್ಪಾಕಿಟ್ಟೆ ಸೊಲ್ಲ ಮಾಟ್ಟೇನ್." ಅಪ್ಪನಿಗೆ ಹೇಳೋಲ್ಲ ಅಂದಳು, ನಕ್ಕಳು. ಆ ನಗುವಿಗೆ ಅವನ ಸಂತೋಷ ಇಮ್ಮಡಿಯಾಯಿತು.

"ಹಾಗಾದರೆ ಮಾಮ, ರಾಮನವಮಿಗೆ..." ಎಂದ ಅವನು ಮೆಲ್ಲಗೆ.

"ಅದನ್ನೇ ಹೇಳೋಕೆ ಬಂದೆ. ನಿನ್ನಂಥವನನ್ನ ಮಕ್ಕಳ ಕಚೇರಿಗೆ ಕೂರಿಸೋದು ಪಾಪ. ಇವಳಿಗೆ ಕರೆಂಟಿನ ಶ್ರುತಿಪೆಟ್ಟಿಗೆ ಒಂದು ತರ್ತೀನಿ, ಗುಂಡಿ ತಿರುಗಿಸಿದರೆ ಆಯಿತು. ನೀನು ನನ್ನ ಜೊತೆ ಬಾ. ಮಠದಲ್ಲಿ ದಿನಾ ಬೆಳಗಿನ ಜಾವ ನಾವು ನಾಲ್ಕು ಜನ ಮುದುಕರು ದಾಸರ ಸುಳಾದಿ ಪಾರಾಯಣ ಮಾಡ್ತೀವಿ. ಅದಕ್ಕೆ ನಿನ್ನ ತಂಬೂರಿ."

ಸುಶಮೀಂದ್ರನ ಕಾಲ ಕೆಳಗಿನ ವೇದಿಕೆ ಜಾರಿತು. ಟ್ಯಾಕ್ಸಿ ಅವನ ಕಣ್ಣೆದುರೇ ನಂಗನಲ್ಲೂರಿನ ಕಡೆ ಹೊರಟುಹೋಯಿತು, ಮಧ್ಯದ ಸೀಟಿನಲ್ಲಿ ಶ್ರುತಿಪೆಟ್ಟಿಗೆ ಇತ್ತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವನು ಧೈರ್ಯ ಮಾಡಿದ.

"ಮಾಮ, ನಿಜ ಹೇಳಿಬಿಡ್ತೀನಿ. ಅದು ಭಕ್ತಿ ಅಲ್ಲ. ನಾನು ನಿದ್ದೆ ಮಾಡ್ತಿದ್ದೆ. ಬೆಳಗ್ಗೆ ಹರಳೆಣ್ಣೆ ಹಾಕಿಸ್ಕೊಂಡಿದ್ದೆ, ಮಧ್ಯಾಹ್ನ ಮಲಗೋಕೆ ಬಿಡಲಿಲ್ಲ. ಬೇಕಾದರೆ ಅಕ್ಷಯಾನ ಕೇಳಿ, ಗೊರಕೆ ಹೊಡೆದೆ."

ಬದರಿನಾಥರು ಮಗಳ ಕಡೆ ತಿರುಗಿದರು. ಅಕ್ಷಯಾ ಅವನನ್ನು ಕಾಪಾಡುವವಳ ಹಾಗೆ ತಲೆ ಎತ್ತಿ, "ಇಲ್ಲಪ್ಪ. ನನಗೇನೂ ಕೇಳಿಸಲಿಲ್ಲ" ಅಂದುಬಿಟ್ಟಳು. ಮಾತು ಕೊಟ್ಟಿದ್ದಳಲ್ಲ.

ಬದರಿನಾಥರು ಕಣ್ಣೊರೆಸಿಕೊಂಡರು. ಸುತ್ತ ನಿಂತಿದ್ದವರಿಗೆಲ್ಲ ಕೇಳುವ ಹಾಗೆ, "ನೋಡಿದ್ರಾ ವಿನಯ? ಹೊಗಳಿಸಿಕೊಳ್ಳೋಕೂ ಆಸೆಯಿಲ್ಲ ಹುಡುಗನಿಗೆ. ನಾಳೆ ಬೆಳಗಿನ ಜಾವದಿಂದಲೇ ಬರಲಿ, ನಾನೇ ಬಂದು ಎಬ್ಬಿಸಿಕೊಂಡು ಹೋಗ್ತೀನಿ" ಎಂದರು.