ಹುಳವಿಲ್ಲದ ಬದನೆಕಾಯಿ

ಅವತ್ತು ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಗುಡುಗಿದೆ: "ಇವತ್ತಿನಿಂದ ಈ ಮನ್ಯಾಗ ಖಾತ್ರಿ ಮಾಹಿತಿ ಇಲ್ದ ಒಂದು ಕರಿಬೇವಿನ ಎಲಿನೂ ಒಗ್ಗರಣಿಗೆ ಬೀಳಂಗಿಲ್ಲ!"

ಸಾಮಾನ್ಯ ಗುಡುಗಲ್ಲ ಅದು! ಕೊಪ್ಪಳದ ಸರಕಾರಿ ಕಚೇರಿಯೊಂದರ ಸೂಪರಿಂಟೆಂಡೆಂಟ್ ಗುರುಬಸವ, ಅಂದರೆ ನಿಮ್ಮ ಸೇವಕನಾದ ನಾನು, ಹಿಂದಿನ ದಿನ ಕುಲಾಂತರಿ ಆಹಾರದ ಮೇಲೊಂದು ವಿಡಿಯೊ ನೋಡಿದ್ದೆ. ಬೇರೆ ಜೀವಿಯ ಗುಣ ತೆಗೆದು ಬೆಳೆಯ ಬೀಜದೊಳಗೆ ಸೇರಿಸುತ್ತಾರಂತೆ, ಆಮೇಲೆ ಹುಳ ಆ ಬೆಳೆಯ ಹತ್ತಿರ ಸುಳಿಯುವುದಿಲ್ಲವಂತೆ. ವಿಡಿಯೊ ಇನ್ನೂ ಅರ್ಧ ಬಾಕಿ ಇತ್ತು. ಆದರೆ ಜಗತ್ತನ್ನು ಎಚ್ಚರಿಸಲು ನನಗೆ ಅರ್ಧವೇ ಧಾರಾಳವಾಯಿತು.

ನನ್ನ ಹೆಂಡತಿ ಲಲಿತಾ ತಲೆ ಎತ್ತಲಿಲ್ಲ. "ಕರಿಬೇವಿನ ಗಿಡ ಹಿತ್ತಲದಾಗ ಐತಿ. ಮಾಹಿತಿ ಕೇಳ್ಕೊಂಡು, ಹಂಗ ನಾಕ ಎಲಿ ಹರಕೊಂಡು ಬರ್ರಿ" ಅಂದಳು.

ಅವಳು ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದಳು. ಅವಳ ತಮ್ಮ ಯಂಕೋಬ ಇಲ್ಲೇ ಹತ್ತಿರದ ಅಳವಂಡಿಯಲ್ಲಿ ಬದನೆ ಬೆಳೆಯುತ್ತಾನೆ. ಕೊಪ್ಪಳದ ಸಂತೆಗೆ ಬಂದಾಗಲೆಲ್ಲ ಅಕ್ಕನ ಮನೆಗೊಂದು ಚೀಲ ಇಟ್ಟು ಹೋಗುತ್ತಾನೆ. ನಮ್ಮ ಕಡೆ ಬದನೆ ಸೀಳುವುದೆಂದರೆ ಅರ್ಧ ಅಡುಗೆ, ಅರ್ಧ ಪೊಲೀಸ್ ತಪಾಸಣೆ. ತೊಟ್ಟು ಬಿಡದಂತೆ ಸೀಳಿ, ಎಸಳು ಬಿಡಿಸಿ, ಬೆಳಕಿಗೆ ಹಿಡಿದು ಹುಳ ಹುಡುಕಬೇಕು. ಅವತ್ತು ಚೀಲ ಖಾಲಿಯಾದರೂ ಒಂದೇ ಒಂದು ಹುಳ ಸಿಗಲಿಲ್ಲ!

"ಹೆಂಗದಾವ ನೋಡ್ರಿ ನಮ್ಮ ಯಂಕೋಬನ ಕಾಯಿ! ಅಮೃತಾನ ಕುಬಸಕ್ಕೂ ಇವನ್ನ ಒಯ್ಯೂಣು."

ನಮ್ಮ ಮಗಳು ಅಮೃತಾ ಕುಕನೂರಿನ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿ. ತವರಿನವರು ಹಸಿರು ಸೀರೆ, ಬಳೆ, ಬುತ್ತಿ ಕಟ್ಟಿಕೊಂಡು ಹೋಗಿ ಅವಳಿಗೆ ಕುಬಸದ, ಅಂದರೆ ಸೀಮಂತದ, ಶಾಸ್ತ್ರ ಮಾಡಿ ಉಣಿಸಿ ಬರಬೇಕು. ಬುತ್ತಿಯ ಪಾತ್ರೆ ಬೀಗರ ಮನೆಯಲ್ಲಿ ಖಾಲಿಯಾದರೆ ಮರ್ಯಾದೆ, ತುಂಬಿದ್ದು ತುಂಬಿದಂತೆಯೇ ವಾಪಸು ಬಂದರೆ ತವರಿಗೆ ಕಪಾಳಕ್ಕೆ ಹೊಡೆದಂತೆ. ಹುಡುಗಿ ಕೇಳಿದ್ದು ಒಂದನ್ನೇ: "ಅಪ್ಪಾ, ಮಾಮಾನ ಹೊಲದ ಬದನಿಕಾಯಿ ಎಣಗಾಯಿ ತಿನ್ನಂಗಾಗೇತಿ."

ನಾನು ಒಂದು ಕಾಯಿ ಎತ್ತಿಕೊಂಡು ತಿರುಗಿಸಿ ನೋಡಿದೆ. "ಲಲಿತಾ, ಇದರಾಗ ಹುಳ ಯಾಕಿಲ್ಲ?"

"ಇದ್ದಿದ್ರ ಯಾಕ ಐತಿ ಅಂತಿದ್ರಿ!"

"ನಿನಗ ತಿಳಿಯೂದಿಲ್ಲ. ಇದು ಕುಲಾಂತರಿ ಇರಬೇಕು!"

ಶುರುವಾಯಿತು ನೋಡಿ ನನ್ನ ಸತ್ಯಶೋಧನೆ! ಫೋನಿನಲ್ಲಿ ಹುಡುಕಿದೆ. ಕುಲಾಂತರಿ ಅಮೃತ ಎಂದು ಒಬ್ಬ, ವಿಷ ಎಂದು ಇನ್ನೊಬ್ಬ. ಮೊದಲನೆಯವನು ಬೀಜ ಮಾರುವವನು, ಎರಡನೆಯವನು ಚೂರ್ಣ ಮಾರುವವನು. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ "ಬಲ್ಲವರು ತಿಳಿಸಿ" ಎಂದು ಕೈಮುಗಿದು ಕೇಳಿದೆ. ಬಲ್ಲವರೆಲ್ಲ ಗುಲಾಬಿ ಹೂವಿನ ಜೊತೆ ಶುಭೋದಯ ಹೇಳುವುದರಲ್ಲಿ ಮುಳುಗಿದ್ದರು.

ಆಗ ನನ್ನ ತಲೆ ಓಡಿತು! ಪ್ರಶ್ನೆ ಕೇಳಿದರೆ ಈ ಮಂದಿ ಉತ್ತರಿಸುವುದಿಲ್ಲ. ತಪ್ಪು ಹೇಳಿದರೆ ತಿದ್ದಲು ಮೈಮೇಲೆ ಬೀಳುತ್ತಾರೆ. ಮೂವತ್ತು ವರ್ಷ ಕಚೇರಿಯಲ್ಲಿ ಕಲಿತ ವಿದ್ಯೆ ಇದು. ಪ್ರಶ್ನೆಯನ್ನೇ ಘೋಷಣೆ ಮಾಡಿ ಬರೆದೆ: "ಎಚ್ಚರಿಕೆ! ಹುಳವಿಲ್ಲದ ಬದನೆ ಕುಲಾಂತರಿ! ಹುಳವೇ ತಿರಸ್ಕರಿಸಿದ ಕಾಯಿ ಮನುಷ್ಯನಿಗೆ ಪುರಸ್ಕಾರವೇ? ಬಸುರಿಯರು ಮುಟ್ಟಲೇಬಾರದು!"

ಬರೆದು, ಲಲಿತಾಗೂ ಓದಿ ಹೇಳಿ, ತಿದ್ದುವವರಿಗಾಗಿ ಕಾದು ಕುಳಿತೆ. ಒಬ್ಬನಾದರೂ ತಿದ್ದಬೇಕಲ್ಲ! ಮುಗಿದ ಕೈಗಳು ಸಾಲಾಗಿ ಬಂದವು. "ಕಣ್ಣು ತೆರೆಸಿದಿರಿ ಸರ್" ಎಂದು ಹೊಗಳಿದರು. ನನಗೂ ಖುಷಿಯಾಗಿ, ತಿದ್ದಿಸಿಕೊಳ್ಳಬೇಕೆಂದಿದ್ದನ್ನು ಮರೆತೇಬಿಟ್ಟೆ.

ವಾರದೊಳಗೆ ಕುಷ್ಟಗಿಯ ಗೆಳೆಯ ಕಲ್ಲೇಶ ನನಗೊಂದು ಸಂದೇಶ ಕಳಿಸಿದ: "ವಿಜ್ಞಾನಿಗಳ ಎಚ್ಚರಿಕೆ! ಹುಳವಿಲ್ಲದ ಬದನೆ..." ಮರುದಿನ ಅದೇ ಸಂದೇಶ ಯಲಬುರ್ಗಾದಿಂದ ಬಂದಾಗ ವಿಜ್ಞಾನಿಗಳು ವಿದೇಶಿಯರಾಗಿದ್ದರು. ನಾನು ಲಲಿತಾಗೆ ಓದಿ ಹೇಳಿದೆ: "ನೋಡು, ಎರಡೂ ಕಡಿಂದ ಖಾತ್ರಿ ಆತು!"

"ತಿರಸ್ಕಾರ, ಪುರಸ್ಕಾರ ಅಂತ ಐತೇನು ಅದರಾಗ?"

"ಐತಿ."

"ವಿದೇಶದಾಗೂ ನಿಮ್ಮಂಥಾವ್ರು ಅದಾರ ಅಂದಂಗಾತು!"

ಎಲ್ಲೆಲ್ಲಿಂದಲೋ ಬಂದ ಸಾಕ್ಷಿಗಳೆಲ್ಲ ನಾನೇ! ಅಷ್ಟರಲ್ಲಿ ಲಲಿತಾಗೆ ಫೋನ್ ಬಂತು. ಯಂಕೋಬನ ಹೆಂಡತಿ ಕವಿತಾ ಸಂತೆಯಿಂದ ಅಳುತ್ತಿದ್ದಳು. ಫೋನಿಟ್ಟ ಲಲಿತಾಳ ಮುಖ ಕಪ್ಪಿಟ್ಟಿತ್ತು. "ಹೆಣ್ಮಕ್ಕಳು ಬಂದು ಕಾಯಿ ಮುರಿದು ನೋಡಿ, ಹುಳ ಇಲ್ಲ ಅಂತ ಒಗದು ಹೋಗಾಕತ್ಯಾರಂತ! ಹುಳ ಇದ್ದದ್ದು ಐತೇನು ಅಂತ ಕೇಳ್ತಾರಂತ! ಹೊಟ್ಯಾಗ ಹುಟ್ಟಿದ ಕೂಸಿನಂಗ ಬೆಳದಾರ್ರಿ ಅವರು. ಯಾವ ಹಾಳಾದಾವ ಬರದಾನೋ, ಅವನ ಬಾಯಾಗ ಮಣ್ಣ ಹಾಕ!"

ಅವಳು ನನ್ನನ್ನೇ ನೋಡುತ್ತಿದ್ದಳು. ಆ ಬಾಯಿ ಅವಳ ಎದುರಿಗೇ ಇತ್ತು. ಮುಚ್ಚಿಕೊಂಡೆ.

ಮರುದಿನವೇ ರಜೆ ಹಾಕಿ ಗಂಗಾವತಿಗೆ ಓಡಿದೆ. ಅಲ್ಲಿ ನಮ್ಮ ದೂರದ ಸಂಬಂಧಿ ಬಸವಕುಮಾರ ಕೃಷಿ ಅಧಿಕಾರಿ. ಅವನು ನನ್ನ ಮಾತು ಕೇಳಿ ಹಣೆ ಹಣೆ ಬಡಿದುಕೊಂಡ.

"ಕಾಕಾ, ನಮ್ಮ ದೇಶದಾಗ ಕುಲಾಂತರಿ ಬದನಿ ಬೆಳಿಯಾಕ ಪರವಾನಗಿನ ಇಲ್ಲ. ರೈತರು ಬೆಳಿಯೂದು ಕುಲಾಂತರಿ ಹತ್ತಿ. ನಿಮ್ಮ ಯಂಕೋಬ ಅವರು ಹೊಲದಾಗ ಪತಂಗ ಹಿಡಿಯೋ ಬಲಿ ಕಟ್ಟಿರಬೇಕು, ಹುಳ ಹೊಕ್ಕು ಬಾಡಿದ ಕುಡಿ ಚಿವುಟಿರಬೇಕು. ಯಾರ್ರೀ ಅದನ್ನ ಬರೆದ ಮೂರ್ಖ?"

"ವಿದೇಶದಾವ ಅಂತ" ಅಂದೆ.

ಬಸ್ಸಿನಲ್ಲೇ ಕುಳಿತು ಸತ್ಯವನ್ನು ಬರೆದು ಗುಂಪಿಗೆ ಕಳಿಸಿದೆ. ಈ ಸಲ ಒಂದು ಕೈಯೂ ಮುಗಿಯಲಿಲ್ಲ. "ಕಂಪನಿಯವರು ಎಷ್ಟು ಕೊಟ್ರು ಸರ್?" ಎಂದು ಒಬ್ಬ. "ಇದಕ್ಕೆ ಆಧಾರ ಏನು?" ಎಂದು ಇನ್ನೊಬ್ಬ. ಆಧಾರ! ಸುಳ್ಳಿಗೆ ಯಾವ ಬೋಳೀಮಗನೂ ಆಧಾರ ಕೇಳಿರಲಿಲ್ಲ! ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಯಾರ ಮೇಲೆ ಉರಿಯಬೇಕೆಂಬುದೇ ತಿಳಿಯಲಿಲ್ಲ.

ಕುಬಸದ ದಿನ ಬಂತು. ಕುಕನೂರಿನ ಬೀಗರ ಪಡಸಾಲೆಯಲ್ಲಿ ಅಮೃತಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದಳು. ಯಂಕೋಬನೇ ಬುತ್ತಿಯ ಗಂಟು ಬಿಚ್ಚಿದ. ಸಜ್ಜಿ ರೊಟ್ಟಿ, ಹೋಳಿಗೆ, ಶೇಂಗಾ ಚಟ್ನಿ, ನಡುವೆ ಅಗಲ ಪಾತ್ರೆಯಲ್ಲಿ ಎಣ್ಣೆಗಾಯಿ. ಸಂತೆಯಲ್ಲಿ ಮಾರಾಟವಾಗದ ಕಾಯಿಗಳಲ್ಲಿ ಚೆಂದದವನ್ನು ಆರಿಸಿ ತಂದಿದ್ದ. ಅಮೃತಾಳ ಕಣ್ಣರಳಿತು, ಕೈ ಮುಂದೆ ಬಂತು.

"ತಡಿಯವ್ವಾ!" ಎಂದರು ಅವಳ ಅತ್ತೆ ಕಳಕಮ್ಮ. "ಬದನಿಕಾಯಿ ಬ್ಯಾಡ. ಬಸುರ್ಯಾರು ಮುಟ್ಟಬಾರದಂತ ವಿಜ್ಞಾನಿಗಳು ಹೇಳ್ಯಾರ." ಸೆರಗಿನಿಂದ ಫೋನ್ ತೆಗೆದು ಮನೆತುಂಬ ಕೇಳುವಂತೆ ಓದಿದರು. ತಿರಸ್ಕಾರ, ಪುರಸ್ಕಾರ, ಎಲ್ಲ ಇತ್ತು. ಪ್ರಶ್ನೆಯ ಧಾಟಿ ಸಹ ನನ್ನದೇ!

ಯಂಕೋಬ ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದ. "ಯಕ್ಕಾ, ಇವು ನಾವು ಮನ್ಯಾಗ ತಿನ್ನೋ ಕಾಯಿರಿ. ನನ್ನ ಸೊಸಿಗೆ ನಾ ವಿಷಾ ತಂದೇನೇನ್ರಿ?" ಎಂದ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಬೀಗ್ತೇರ, ಅದು ಸುಳ್ಳು! ಬರೆದಾವ ನಾನ! ಯಾವ ವಿಜ್ಞಾನಿನೂ ಅಲ್ಲ. ಆಮ್ಯಾಲೆ ಗಂಗಾವತಿಗೆ ಹೋಗಿ ಅಧಿಕಾರಿನ್ನ ಕೇಳ್ಕೊಂಡು ಬಂದೇನಿ. ಈ ಕಾಯಿದಾಗ ಏನೂ ದೋಷ ಇಲ್ಲ!"

ಬೀಗರಾದ ಹಂಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೀಗರ ಮನಸು ಭಾಳ ದೊಡ್ಡದು ಬಿಡ್ರಿ! ಹೆಂಡತಿ ತಮ್ಮನ ಮಾನ ಉಳಸಾಕ ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ಯಾರ! ಇಷ್ಟ ಛಲೋ ಬರಿಯಾಕ ನಿಮಗೆಲ್ಲಿ ಬರ್ತೈತಿ? ಇದು ವಿದೇಶಿ ವಿಜ್ಞಾನಿಗಳದು!"

ಎಲ್ಲರೂ ನಕ್ಕರು. ಕಳಕಮ್ಮ ಪಾತ್ರೆಯನ್ನು ಮೆಲ್ಲಗೆ ಬದಿಗೆ ಸರಿಸಿದರು. ಅಮೃತಾ ತಲೆ ಬಗ್ಗಿಸಿ ಹೋಳಿಗೆ ಮುರಿದಳು. ಲಲಿತಾ ನನ್ನ ಕಡೆ ನೋಡಲೂ ಇಲ್ಲ.

ನನ್ನನ್ನು ನಂಬಿದವನು ಯಂಕೋಬ ಒಬ್ಬನೇ. ತುಂಬಿದ ಪಾತ್ರೆಗೆ ಮುಚ್ಚಳ ಮುಚ್ಚಿ, ಬಟ್ಟೆ ಕಟ್ಟಿ, ಗಂಟನ್ನು ಬಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದ. ಸಿಟ್ಟು ಮಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಾವಾರ, ಗಂಗಾವತಿ ಮಟಾ ಹೋಗಿದ್ರಿ" ಎಂದ. "ಅಳವಂಡಿ ಅದಕ್ಕಿಂತ ದೂರ ಆಗಿತ್ತೇನ್ರಿ?"