ಕೊಲು ಹತ್ತಿದ ಕ್ರ್ಯಾಂಕ್‌ಶಾಫ್ಟ್

ನವರಾತ್ರಿಗೆ ಬೊಂಬೆ ತರಲೆಂದು ಪುರಸೈವಾಕ್ಕಂ ಪೇಟೆಗೆ ಹೋದ ಪಂಢರಿನಾಥರಾಯರು ಕ್ರ್ಯಾಂಕ್‌ಶಾಫ್ಟ್ ಹೊತ್ತುಕೊಂಡು ಮನೆಗೆ ಬಂದರು. ಇದರಲ್ಲಿ ತಮ್ಮ ತಪ್ಪೇನೂ ಇಲ್ಲವೆಂದು ಅವರು ಇವತ್ತಿಗೂ ಸಾಧಿಸುತ್ತಾರೆ. ಬೊಂಬೆ ಅಂಗಡಿಗೂ ಪಾರ್ಸೆಲ್ ಆಫೀಸಿಗೂ ನಡುವೆ ಒಂದೇ ಗೋಡೆ. ಇಂಗ್ಲೆಂಡಿನಿಂದ ಬಂದ ಪೆಟ್ಟಿಗೆ ಗೋಡೆಯಾಚೆ ಕಾಯುತ್ತಿರುವಾಗ ಈಚೆ ನಿಂತು ಮಣ್ಣಿನ ಶೆಟ್ಟಿ ದಂಪತಿ ಬೊಂಬೆಗೆ ಚೌಕಾಸಿ ಮಾಡಲು ಯಾವ ಗಂಡಸಿಗೆ ತಾನೇ ಮನಸ್ಸು ಬರುತ್ತದೆ?

ರಾಯರ ಮನೆ ಟಿ. ನಗರದ ಒಂದು ಸಂದಿಯಲ್ಲಿದೆ. ಅದರ ಪೋರ್ಟಿಕೋದಲ್ಲಿ ಕೆಂಪು ಬಣ್ಣದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಹಳೆಯ ಸ್ಪೋರ್ಟ್ಸ್ ಕಾರೊಂದು ಇತ್ತು. ವಿಮಾ ಆಫೀಸಿನಿಂದ ನಿವೃತ್ತರಾದ ಕೂಡಲೇ ಯಾರನ್ನೂ ಕೇಳದೆ ಕೊಂಡದ್ದು. ಗೋಡೆಯ ಬಣ್ಣದಿಂದ ಹಿಡಿದು ಸಾರಿನ ಉಪ್ಪಿನವರೆಗೆ ಆ ಮನೆಯಲ್ಲಿ ಎಲ್ಲವೂ ಅವರ ಧರ್ಮಪತ್ನಿ ಜಯಲಕ್ಷ್ಮೀಬಾಯಿಯವರ ಅಪ್ಪಣೆಯಂತೆ ನಡೆಯುತ್ತಿತ್ತು. ಕಾರೊಂದೇ ರಾಯರ ಸ್ವತಂತ್ರ ಸಾಮ್ರಾಜ್ಯ. ಅದರ ಕೀಲಿಯನ್ನು ಅವರು ಸ್ನಾನಕ್ಕೆ ಹೋಗುವಾಗಲೂ ಜೊತೆಗೆ ಒಯ್ಯುತ್ತಿದ್ದರು.

ಸಾಮ್ರಾಜ್ಯಕ್ಕೆ ಒಂದು ರೋಗವಿತ್ತು. ವೇಗ ಏರಿಸಿದರೆ ಎಂಜಿನ್ನು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಹಳೆಯ ಕ್ರ್ಯಾಂಕ್‌ಶಾಫ್ಟ್ ತೆಗೆದು ಎರಕದ ಬದಲು ಬಡಿದು ಮಾಡಿದ ಉಕ್ಕಿನದನ್ನು ಹಾಕಿಸಬೇಕೆಂದು ರಾಯರು ತೀರ್ಪಿತ್ತಿದ್ದರು. (ಕ್ರ್ಯಾಂಕ್‌ಶಾಫ್ಟ್ ಎಂದರೆ ಎಂಜಿನ್ನಿನ ಹೊಟ್ಟೆಯೊಳಗಿನ ಸೊಟ್ಟಸೊಟ್ಟ ದಂಡ. ಪಿಸ್ಟನ್ನುಗಳ ಕುಣಿತವನ್ನು ಗಾಲಿಯ ತಿರುಗಾಟವಾಗಿಸುವುದು ಅದರ ಕೆಲಸ. ರಾಯರು ಇದನ್ನು ಎಷ್ಟು ಸಲ ವಿವರಿಸಿದ್ದರೆಂದರೆ ಜಯಲಕ್ಷ್ಮೀಬಾಯಿ ಈಗ ಒಗ್ಗರಣೆ ಹಾಕುತ್ತಲೇ ಅದನ್ನು ಒಪ್ಪಿಸಬಲ್ಲರು.) ಪೋರೂರಿನ ಮೆಕ್ಯಾನಿಕ್ ವಿಠ್ಠಲ ಆಗಲೇ ಕಾರನ್ನು ಎಳೆದೊಯ್ದು ಎಂಜಿನ್ ಬಿಚ್ಚಿಟ್ಟಿದ್ದ. ಅವನ ಶೆಡ್ಡು ಸೋರುತ್ತಿತ್ತು. "ಸಾರ್, ನಾನು ಬಂದು ತಗೊಂಡು ಹೋಗೋ ತನಕ ಹೊಸ ದಂಡ ನಿಮ್ಮ ವೀಟ್ಟಲೇ, ಮನೇಲೇ ಇರ್ಲಿ. ನಿಲ್ಸೇ ಇಡಿ, ಮಲಗಿಸ್ಬೇಡಿ, ಬಗ್ಗೋಗತ್ತೆ" ಎಂದು ಫೋನಿನಲ್ಲಿ ಎಚ್ಚರಿಸಿದ್ದ.

ರಾಯರು ಆಟೋ ಇಳಿದು ಒಳಗೆ ಬಂದಾಗ ಹಾಲಿನಲ್ಲಿ ಕೊಲು, ಅಂದರೆ ನವರಾತ್ರಿ ಬೊಂಬೆ ಕೂರಿಸುವ ಮೆಟ್ಟಿಲುಗಳ ಮೇಲೆ ಬೊಂಬೆಗಳೆಲ್ಲ ಸಾಲಾಗಿ ಕೂತಿದ್ದವು. ನಡುವಿನ ಮೆಟ್ಟಿಲಿನಲ್ಲಿ ಒಂದು ಜಾಗ ಮಾತ್ರ ಖಾಲಿಯಿತ್ತು. ವರ್ಷಕ್ಕೊಂದು ಹೊಸ ಬೊಂಬೆ ಸೇರಿಸುವುದು ಆ ಮನೆಯ ಪದ್ಧತಿ.

"ಬೊಂಬೆ ಎಲ್ಲಿ?" ಎಂದರು ಜಯಲಕ್ಷ್ಮೀಬಾಯಿ.

ರಾಯರಿಗೆ ಆಗ ನೆನಪಾಯಿತು. ಆದರೆ ಮರೆತೆನೆಂದು ಒಪ್ಪಿಕೊಳ್ಳುವ ವಂಶ ಅವರದಲ್ಲ. ಅವರು ಪೆಟ್ಟಿಗೆ ತೆರೆದು, ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿದ್ದ ಉಕ್ಕಿನ ದಂಡವನ್ನು ಎತ್ತಿ ಆ ಖಾಲಿ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದರು.

"ಇದೇ ಬೊಂಬೆ."

"ಇದಾ?"

"ಹೂಂ. ಬೊಂಬೆ ಮಣ್ಣಿಂದೇ ಆಗ್ಬೇಕು ಅಂತ ಯಾವ ಶಾಸ್ತ್ರದಲ್ಲಿ ಬರ್ದಿದೆ? ನಾನು ತಂದ ಬೊಂಬೆ ಇದು. ಇಲ್ಲೇ ನಿಲ್ಲತ್ತೆ."

ಜಯಲಕ್ಷ್ಮೀಬಾಯಿ ದಂಡವನ್ನೊಮ್ಮೆ ಗಂಡನನ್ನೊಮ್ಮೆ ನೋಡಿದರು. "ಸರಿ, ನಿಲ್ಲಲಿ. ಬೊಂಬೆ ಅಂತ ನಿಮ್ಮ ಬಾಯಲ್ಲೇ ಬಂದಿದೆ, ಜ್ಞಾಪಕ ಇಟ್ಕೊಳ್ಳಿ" ಎಂದು ಅದರ ಬುಡಕ್ಕೆ ಒಂದು ಬಾಳೆ ಎಲೆ ಹಾಸಿದರು. ಇಷ್ಟು ಸುಲಭವಾಗಿ ಗೆದ್ದದ್ದು ಮದುವೆಯಾದ ಮೇಲೆ ಇದೇ ಮೊದಲಾದ್ದರಿಂದ ರಾಯರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸಂಜೆ ಅರಿಶಿನ ಕುಂಕುಮಕ್ಕೆ ಮಹಡಿ ಮನೆಯ ರಮಾಬಾಯಿ ಬಂದರು. ಬೊಂಬೆಗಳನ್ನು ನೋಡುತ್ತ ನಡುವಿನ ಮೆಟ್ಟಿಲಿಗೆ ಬಂದು ನಿಂತುಬಿಟ್ಟರು.

"ಎನ್ನ ಜಯಾ, ಏನಿದು, ಯಾವ ದೇವರು?"

"ಅವರ ದೇವರು. ಕಾರಿಂದು."

ರಮಾಬಾಯಿ ಭಕ್ತಿಯಿಂದ ಅದರ ಒಂದೊಂದು ಸೊಟ್ಟಿಗೂ ಕುಂಕುಮ ಹಚ್ಚಿದರು. ನುಣುಪಾಗಿ ಉಜ್ಜಿದ ಉಕ್ಕಿನ ಮೇಲೆ ಪುಡಿ ಬಿದ್ದದ್ದನ್ನು ಕಂಡು ರೂಮಿನ ಬಾಗಿಲ ಸಂದಿಯಲ್ಲಿದ್ದ ರಾಯರಿಗೆ ಜೀವವೇ ಹೋದಂತಾಯಿತು. ಆಮೇಲೆ ರಮಾಬಾಯಿ ಪ್ರಸಾದದ ಕಡಲೆ ಸುಂಡಲ್ ಬಾಯಿಗೆ ಹಾಕಿಕೊಳ್ಳುತ್ತ, "ಆ ಕಾರು ಓಡತ್ತಾ ಜಯಾ? ನಾನು ಅದೂ ಬೊಂಬೆ ಅಂತಲೇ ಅಂದ್ಕೊಂಡಿದ್ದೆ, ಸುಮ್ನೆ ವಾಸಲ್‌ನಲ್ಲಿ, ಬಾಗಿಲ ಮುಂದೆ ಇಟ್ಟಿದೀರ ಅಂತ" ಎಂದರು.

ಜಯಲಕ್ಷ್ಮೀಬಾಯಿಯ ಮುಖ ಕೆಂಪಗಾಯಿತು. ಗಂಡನನ್ನು ಬಯ್ಯುವ ಹಕ್ಕು ತಮಗೊಬ್ಬರಿಗೇ ಸೇರಿದ್ದೆಂದು ಅವರ ನಂಬಿಕೆ. "ಯಾಕೆ ಓಡಲ್ಲ? ವಿಜಯದಶಮಿಗೆ ಮಠಕ್ಕೆ ಅದರಲ್ಲೇ ಹೋಗೋದು. ನೀವೂ ಬನ್ನಿ" ಎಂದರು. ಬಾಗಿಲ ಹಿಂದೆ ರಾಯರ ಎದೆ ಉಬ್ಬಿತು. ಹೆಂಡತಿ ಕಾರಿನ ಪರವಾಗಿ ಮಾತಾಡಿದ್ದನ್ನು ಅವರು ಅದೇ ಮೊದಲು ಕೇಳಿದ್ದು.

ಎರಡು ದಿನ ಬಿಟ್ಟು ವಿಠ್ಠಲ ಗೋಣಿತಾಟು ಹಿಡಿದು ಬಂದ. ರಮಾಬಾಯಿಯೂ ಹೂ ಕೊಡಲು ಬಂದಿದ್ದರು. ರಾಯರು ಮೆಟ್ಟಿಲಿನ ಬಳಿ ಹೋಗಿ ಕ್ರ್ಯಾಂಕ್‌ಶಾಫ್ಟಿಗೆ ಕೈ ಹಾಕಿದರು.

"ಕೈ ತೆಗೀರಿ" ಎಂದರು ಜಯಲಕ್ಷ್ಮೀಬಾಯಿ. "ಕೊಲು ಮೇಲೆ ಇಟ್ಟ ಬೊಂಬೆ ವಿಜಯದಶಮಿ ಮುಗಿಯೋ ತನಕ ಕೆಳಗಿಳಿಯಲ್ಲ."

"ಇದು ಬೊಂಬೆ ಅಲ್ಲ ಕಣೇ, ಕ್ರ್ಯಾಂಕ್‌ಶಾಫ್ಟು."

"ಅವತ್ತು ಬೊಂಬೆ ಅಂದಿದ್ದು ಯಾರು?"

"ಅವತ್ತು ಅಂದೆ. ಇವತ್ತು ಅಲ್ಲ ಅಂತೀನಿ."

"ಅರಿಶಿನ ಕುಂಕುಮ ಆಗಿದೆ, ದಿನಾ ಆರತಿ ಆಗ್ತಿದೆ. ನಾನೇ ಅದಕ್ಕೆ ಕುಂಕುಮ ಇಟ್ಟಿದೀನಿ" ಎಂದು ರಮಾಬಾಯಿ ಸಾಕ್ಷಿ ನುಡಿದರು.

"ಮತ್ತೆ ಮಠಕ್ಕೆ ಹೇಗೆ ಹೋಗ್ತೀಯ?" ಎಂದರು ರಾಯರು.

"ವಿಠ್ಠಲಾ, ಹಳೇದನ್ನೇ ಹಾಕಿ ಕೊಡು."

ರಾಯರಿಗೆ ರೇಗಿಹೋಯಿತು. ತಮ್ಮ ಸಾಮ್ರಾಜ್ಯದಲ್ಲಿ ತಮ್ಮ ಎದುರಿಗೇ ಬೇರೆಯವರ ಅಪ್ಪಣೆ. ಅವರು ಬೊಂಬೆಗಳೆಲ್ಲ ಅದುರುವಂತೆ ಗುಡುಗಿದರು: "ಹಾಕು ವಿಠ್ಠಲ, ಹಾಕು. ಆ ಹಳೇ ದಂಡದಲ್ಲಿ ನನ್ನ ಕಾರು ಪಾಂಡಿ ಬಜಾರ್ ದಾಟಲಿ ನೋಡೋಣ. ದಾಟಿ ಮಠಕ್ಕೆ ಹೋಗಿ ಬಂದ್ರೆ ಕಾರಿನ ಕೀಲಿ ಇವಳಿಗೇ. ಆಮೇಲೆ ನಾನು ಕೇಳಿದ್ರೆ ಕೇಳು."

ಭೀಷ್ಮ ಪ್ರತಿಜ್ಞೆಯಾಯಿತು. ದೇವತೆಗಳು ಹೂಮಳೆ ಕರೆಯಲಿಲ್ಲ. ರಮಾಬಾಯಿ ಮಾತ್ರ ಕೈಯಲ್ಲಿದ್ದ ಹೂವನ್ನು ಕ್ರ್ಯಾಂಕ್‌ಶಾಫ್ಟಿಗೆ ಮುಡಿಸಿ ಹೋದರು.

ವಿಜಯದಶಮಿಯ ಬೆಳಿಗ್ಗೆ ವಿಠ್ಠಲ ಕಾರು ತಂದು ನಿಲ್ಲಿಸಿ ಕೀಲಿಯನ್ನು ರಾಯರ ಕೈಗೆ ಕೊಟ್ಟು ಹೋದ. ರಾಯರು ಜರಿ ಪಂಚೆ ಉಟ್ಟು, ದಾರಿಯಲ್ಲಿ ಕೆಟ್ಟು ನಿಂತಾಗ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೊರಗೆ ಬಂದರು. ನೋಡಿದರೆ ಎರಡೂ ಸೀಟು ಭರ್ತಿಯಾಗಿದ್ದವು. ಒಂದರಲ್ಲಿ ರಮಾಬಾಯಿ. ಇನ್ನೊಂದರಲ್ಲಿ, ಸ್ಟಿಯರಿಂಗ್ ಹಿಡಿದು, ಒಂಬತ್ತು ಗಜದ ಸೀರೆಯಲ್ಲಿ ಜಯಲಕ್ಷ್ಮೀಬಾಯಿ. ಇದಕ್ಕೆ ಮುಂಚೆ ಮನೆಯಲ್ಲಿದ್ದ ಕಾರನ್ನು ಅಷ್ಟು ವರ್ಷ ಓಡಿಸಿದ್ದು ಅವರೇ ಎಂಬುದು ರಾಯರಿಗೆ ಮರೆತೇ ಹೋಗಿತ್ತು.

"ನೀವು ಮನೇಲಿರಿ. ಕೊಲು ಮುಂದೆ ದೀಪ ಉರೀತಿದೆ, ಯಾರಾದ್ರೂ ನೋಡ್ಕೋಬೇಕಲ್ಲ" ಎಂದು ಕೈ ಚಾಚಿದರು. ರಾಯರು ಕೀಲಿ ಕೊಟ್ಟರು.

ಕಾರು ಸಂದಿ ತಿರುಗಿತು. ರಾಯರು ಗೇಟು ಹಿಡಿದು ಕಿವಿಗೊಟ್ಟು ನಿಂತರು. ಕೆಟ್ಟು ನಿಂತರೆ ಮಾತು ಗೆಲ್ಲುತ್ತದೆ, ಆದರೆ ಆ ಮುದ್ದಿನ ಕಾರನ್ನು ನಡುರಸ್ತೆಯಲ್ಲಿ ಯಾರೋ ತಳ್ಳಬೇಕಾಗುತ್ತದೆ. ಓಡಿದರೆ ಕಾರು ಉಳಿಯುತ್ತದೆ, ಆದರೆ ತಮ್ಮದಾಗಿ ಉಳಿಯುವುದಿಲ್ಲ. ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ಒಳಗೆ ಬಂದು ಕ್ರ್ಯಾಂಕ್‌ಶಾಫ್ಟಿನ ಎದುರು ಸುಮ್ಮನೆ ಕೈಮುಗಿದರು.

ಮಧ್ಯಾಹ್ನದ ಹೊತ್ತಿಗೆ ಹಾರನ್ ಕೇಳಿಸಿತು.

"ನಡುಗಲಿಲ್ವಾ?" ಎಂದರು ರಾಯರು.

"ನಡುಗೋಕೆ ಎರಡನೇ ಗೇರು ದಾಟಬೇಕಲ್ಲ. ಪಾಂಡಿ ಬಜಾರಲ್ಲಿ ಒಂದು ಹಸು ನಮ್ಮನ್ನ ಓವರ್‌ಟೇಕ್ ಮಾಡ್ಕೊಂಡು ಹೋಯ್ತು."

"ಇವತ್ತು ಟ್ರಾಫಿಕ್ ಜಾಸ್ತಿ. ಇದು ಲೆಕ್ಕಕ್ಕಿಲ್ಲ."

"ಟಿ. ನಗರದಲ್ಲಿ ಟ್ರಾಫಿಕ್ ಇಲ್ಲದ ದಿನ ಹೇಳಿ. ಅವತ್ತು ಇನ್ನೊಂದ್ಸಲ ಹೋಗ್ಬರ್ತೀನಿ."

ಸಂಜೆ ಕೊಲುವಿಗೆ ಕೊನೆಯ ಆರತಿಯಾಯಿತು. ಹಬ್ಬ ಮುಗಿದ ಗುರುತಿಗೆ ಒಂದು ಬೊಂಬೆಯನ್ನು ಮಲಗಿಸಬೇಕು. ಜಯಲಕ್ಷ್ಮೀಬಾಯಿ ಹೊಸ ಬೊಂಬೆಯತ್ತ ಬೆರಳು ತೋರಿಸಿದರು.

"ಅದನ್ನ ಮಲಗಿಸಬಾರದು, ಬಗ್ಗತ್ತೆ" ಎಂದರು ರಾಯರು.

"ಎಂಜಿನ್ನಿಗೆ ಹೋಗೋದಾದ್ರೆ ಬಗ್ಗಬಾರದು. ನನ್ನ ಕಾರು ಚೆನ್ನಾಗೇ ಓಡ್ತಿದೆ. ಇದು ಪೆಟ್ಟಿಗೇಲಿದ್ದು ವರ್ಷಾ ವರ್ಷಾ ಕೊಲುಗೆ ಬರತ್ತೆ."

ನನ್ನ ಕಾರು ಎಂಬ ಮಾತು ರಾಯರಿಗೆ ಚುಚ್ಚಿತು. ಆದರೂ ಅವರು ತಲೆ ಬಗ್ಗಿಸಲಿಲ್ಲ. ರೂಮಿಗೆ ಹೋಗಿ ತಮ್ಮ ದಿಂಬನ್ನೇ ತಂದು, ಅದರ ಮೇಲೆ ಕ್ರ್ಯಾಂಕ್‌ಶಾಫ್ಟನ್ನು ಮಗುವಿನಂತೆ ಮಲಗಿಸಿ, ಎದ್ದು ನಿಂತು ಎದೆ ಸೆಟೆಸಿದರು.

"ಮುಂದಿನ ವರ್ಷವೂ ಹೊಸ ಬೊಂಬೆ ತರೋಕೆ ಪುರಸೈವಾಕ್ಕಂಗೆ ನಾನೇ ಹೋಗೋನು. ಯಾರೂ ತಡೆಯೋ ಹಾಗಿಲ್ಲ."

"ಧಾರಾಳವಾಗಿ ಹೋಗಿ" ಎಂದು ಜಯಲಕ್ಷ್ಮೀಬಾಯಿ ಕಾರಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಬಸ್ಸಲ್ಲಿ."