ಮೇಟ್ರನ್ ರೋಲೂ ನಮ್ಮ ಮನೆ ಮರ್ಯಾದೆಯೂ

ಬೇರೆಯವರ ಮನೆಯ ಮರ್ಯಾದೆ ಎದುರಿನ ಬಾಗಿಲಿನಿಂದ ಹೋಗುತ್ತದಂತೆ. ನಮ್ಮದು ಯಾವಾಗಲೂ ಅಡುಗೆಮನೆಯಿಂದ ಹೋಗುವುದು. ಅದಕ್ಕೆ ದಾರಿ ಬಿಟ್ಟು ನಿಲ್ಲುವವನು ನಾನೇ.

ಹಿಟ್ಟು ಉಕ್ಕಿದ್ದು

ನಮ್ಮ ಮಮ್ಮಿ ಕುವೈತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ಮೇಟ್ರನ್, ಅಂದರೆ ನರ್ಸುಗಳ ಮುಖ್ಯಸ್ಥೆ, ಸ್ಕಾಟ್ಲೆಂಡಿನವರು, ಕೆಲಸ ಮುಗಿಸಿ ಊರಿಗೆ ಹೊರಟಿದ್ದರು. ಅಜ್ಜಿ ತೀರಿಕೊಂಡಾಗ ಮಮ್ಮಿಗೆ ರಜೆ ಕೊಡಿಸಿ, ತಮ್ಮ ಕಾರಿನಲ್ಲೇ ಏರ್‌ಪೋರ್ಟಿಗೆ ಬಿಟ್ಟವರು ಅವರು. ಒಂದು ದಿನ ಚಾ ಕುಡಿಯುವಾಗ, "ಚಿಕ್ಕವಳಿದ್ದಾಗ ಬೆಳಿಗ್ಗೆ ಅಮ್ಮ ಮಾಡ್ತಿದ್ದ ಮೆತ್ತಗಿನ ರೋಲ್ ತಿನ್ನದೆ ಎಷ್ಟು ಕಾಲ ಆಯ್ತೋ" ಅಂದರಂತೆ. ಮೇಲೆ ಒಣಹಿಟ್ಟು ಉದುರಿಸಿ, ನಡುವೆ ಬೆರಳಲ್ಲಿ ಒತ್ತಿ ಮಾಡುವ, ನಮ್ಮ ಬನ್ನಿನಂಥ ಬ್ರೆಡ್ ರೋಲ್. ಮಮ್ಮಿ ತಕ್ಷಣ, "ನಿಮ್ಮ ಫೇರ್‌ವೆಲ್‌ಗೆ ನಾನು ಮಾಡಿ ತರ್ತೇನೆ ಮೇಡಮ್" ಅಂದುಬಿಟ್ಟಳು. ಮಮ್ಮಿ ಮಾತು ಕೊಟ್ಟರೆ ಖಲಾಸ್, ಹಿಂದೆ ತಗೊಳ್ಳುವ ಪ್ರಶ್ನೆಯೇ ಇಲ್ಲ.

ಹಿಟ್ಟು ಉಬ್ಬಲು ಬಿಡಬೇಕು ಅಂತ ಮೇಟ್ರನ್ ಹೇಳಿದ್ದರು. ಎಷ್ಟು ಹೊತ್ತು ಅಂತ ಮಮ್ಮಿ ಕೇಳಲಿಲ್ಲ. ಇಡ್ಲಿ ಮಾಡಿ ಮಾಡಿ ಕೈ ಸವೆದ ಮಂಗಳೂರಿನ ಹೆಂಗಸು, ಹಿಟ್ಟಿನ ವಿಷಯ ಇನ್ನೊಬ್ಬರ ಹತ್ತಿರ ಕೇಳುವುದುಂಟೇ? ಮಲಗುವ ಮೊದಲು ಯೀಸ್ಟ್ ಹಾಕಿ ಕಲಸಿ ಮುಚ್ಚಿಟ್ಟಳು. ಆಗಸ್ಟ್ ತಿಂಗಳು, ಅಡುಗೆಮನೆಗೆ ಏಸಿ ಇಲ್ಲ. ಬೆಳಿಗ್ಗೆ ನೋಡಿದರೆ ಹಿಟ್ಟು ಪಾತ್ರೆ ಬಿಟ್ಟು, ಕಟ್ಟೆ ಇಳಿದು, ಕೆಳಗೆ ಪಾಲಿಶ್ ಮಾಡಿಟ್ಟಿದ್ದ ಡ್ಯಾಡಿಯ ಶೂಗಳೊಳಗೆ ಹೊಕ್ಕು ಕೂತಿತ್ತು. ಖೈತಾನಿನ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಪೂರ್ತಿ ಶೇಂದಿ ಅಂಗಡಿಯ ವಾಸನೆ.

ಡ್ಯಾಡಿಗೆ ಇದ್ದದ್ದು ಅದೊಂದೇ ಜೊತೆ. ಕೆರೆದು ಹಾಕಿಕೊಂಡು ಶುವೈಖಿನ ಗ್ಯಾರೇಜಿಗೆ ಹೋದರು. ಸಂಜೆ ಬಂದು ಶೂ ಬಿಚ್ಚಿ, ಮಮ್ಮಿಯ ಎದುರು ಇಟ್ಟು ಹೇಳಿದರು: "ಎಡಗಾಲಿನದ್ದು ಚೆನ್ನಾಗಿ ಬೆಂದಿದೆ. ಬಲಗಾಲಿನದ್ದು ಇನ್ನೂ ಸ್ವಲ್ಪ ಬೇಯ್ಬೇಕು."

ಕಣ್ಣು ಹೊಡೆದದ್ದು

ಹತ್ತನೆಯಲ್ಲಿ ಫೇಲಾಗಿ ಮನೆಯಲ್ಲಿದ್ದ ನನಗೆ ಅಂಗಡಿಗೆ ಓಡುವುದೇ ಡ್ಯೂಟಿ. ಬಕಾಲಾ ಅಂತ ಇಲ್ಲಿ ಕರೆಯುವ ಕಿರಾಣಿ ಅಂಗಡಿಯ ಕೌಂಟರಿನ ಮೇಲೆ, ಮಮ್ಮಿ ಮತ್ತೆ ರೋಲ್ ಮಾಡಿ ನೋಡಲು ಒಂದು ರಾಶಿ ಯೀಸ್ಟ್ ಪ್ಯಾಕೆಟ್, ಸಕ್ಕರೆ, ನನಗೆ ಕುಡಿಯಲು ದೊಡ್ಡ ಬಾಟಲಿ ದ್ರಾಕ್ಷಿ ಜ್ಯೂಸ್ ಇಟ್ಟೆ. ಈ ದೇಶದಲ್ಲಿ ಹೆಂಡ ಬಂದ್. ಕದ್ದು ಮನೆಯಲ್ಲೇ ಮಾಡುವವರು ಕೊಳ್ಳುವುದು ಸರಿಯಾಗಿ ಈ ಮೂರೇ ಸಾಮಾನು.

ಅಂಗಡಿಯವನು ಸಾಮಾನು ನೋಡಿದ, ನನ್ನನ್ನು ನೋಡಿದ. "ಏನು ಭಾಯಿ, ಮನೆಯಲ್ಲಿ ಪಾರ್ಟಿಯಾ?"

ರೋಲ್ ಮಾಡಲಿಕ್ಕೆ ಅನ್ನಬಹುದಿತ್ತು. ಅದಕ್ಕೆ ಯಾರು ನಗ್ತಾರೆ? ಬಾಯಿ ಮೇಲೆ ಬೆರಳಿಟ್ಟು ಕಣ್ಣು ಹೊಡೆದೆ.

ತಿರುಗಿದರೆ ಕೊತ್ತಂಬರಿ ಕಟ್ಟು ಹಿಡಿದು ಕೆಳಗಿನ ಮನೆಯ ಆಂಟಿ ನಿಂತಿದ್ದರು. ನಮ್ಮ ಚರ್ಚಿನ ಪ್ರಾರ್ಥನಾ ಗುಂಪಿನ ಲೀಡರ್. "ಹಲೋ ಆಂಟಿ" ಅಂದೆ. ಆಂಟಿ ಹಲೋ ಅನ್ನಲಿಲ್ಲ, ಶಿಲುಬೆ ಗುರುತು ಹಾಕಿಕೊಂಡರು.

ಮೊಣಕಾಲು ನೋವು

ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚಿನ ಪೂಜೆಯೂ ಅಂದೇ. ಅದು ಮುಗಿದ ಮೇಲೆ ಚರ್ಚಿನಲ್ಲಿ ಹಾಡು ಹೇಳಿಕೊಡುವ ಅಂಕಲ್ ನಮ್ಮ ಮನೆಗೆ ಬಂದರು. ಹಿಂದೆಂದೂ ಬಂದವರಲ್ಲ. ಕಂಕುಳಲ್ಲಿ ಪೇಪರ್ ಸುತ್ತಿದ ಖಾಲಿ ಬಾಟಲಿ.

"ಮೊಣಕಾಲು ನೋವು ಬಾಯಮ್ಮ," ಅಂದರು ಮಮ್ಮಿಗೆ. "ನಿಮ್ಮಲ್ಲಿ ಸ್ವಲ್ಪ ಸಿಗ್ತದೆ ಅಂತ ಕೇಳಿದೆ."

ಮಮ್ಮಿ ನರ್ಸ್ ಅಲ್ಲವೇ, ಒಳಗೆ ಹೋಗಿ ಮುಲಾಮು ತಂದಳು.

"ಇದಲ್ಲ. ಒಳಗಿನಿಂದ ಹಚ್ಚುವಂಥದ್ದು."

ಮಮ್ಮಿ ಮಾತ್ರೆ ತಂದಳು. ಅಂಕಲ್ ನಿಟ್ಟುಸಿರು ಬಿಟ್ಟು ಪೇಪರ್ ಬಿಚ್ಚಿ ಬಾಟಲಿ ತೋರಿಸಿದರು. ಡ್ಯಾಡಿಗೆ ಈಗ ಅರ್ಥವಾಯಿತು. ಯೀಸ್ಟಿನಿಂದ ನಮ್ಮಲ್ಲಿ ಆಗುವುದು ಇಷ್ಟೇ ಅಂತ ಆ ದಿನದ ರೋಲ್ ಒಂದನ್ನು ಅವರ ಕೈಗೆ ಕೊಟ್ಟರು. ಅಂಕಲ್ ಕಚ್ಚಿದರು. ಆಮೇಲೆ ಮೊಣಕಾಲಿನ ಸುದ್ದಿಯೇ ಇಲ್ಲ, ದವಡೆ ಹಿಡಿದುಕೊಂಡು ಓಡುತ್ತಲೇ ಮೆಟ್ಟಿಲಿಳಿದರು.

"ಚರ್ಚಿಗೆ ಯಾವ ಮುಖ ತಗೊಂಡು ಹೋಗುದು?" ಅಂತ ಮಮ್ಮಿ ಸೋಫಾದಲ್ಲಿ ಕುಸಿದಳು. ಮನೆಯಲ್ಲಿ ಅಡಗಲು ಇರುವುದು ಬಚ್ಚಲೊಂದೇ. ನಾನು ಹೋದಾಗ ಡ್ಯಾಡಿ ಮೊದಲೇ ಅಲ್ಲಿ ಕೂತು ನಗುತ್ತಿದ್ದರು.

ಒಂದು ತೇರ್ಸ್

ಮಮ್ಮಿ ಬಿಡಲಿಲ್ಲ. ಹಿಟ್ಟು ಎರಡು ಪಟ್ಟು ಆದ ಕೂಡಲೇ ಎತ್ತಬೇಕು ಅಂತ ಕಲಿತಳು, ರೋಲ್ ಹತ್ತಿಯಂತೆ ಬರತೊಡಗಿತು. ಫೇರ್‌ವೆಲ್ ದಿನ ಮಧ್ಯಾಹ್ನ ಟ್ರೇಯನ್ನು ಓವನ್ನಿಗೆ ಇಟ್ಟಳು. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು.

ಕೆಳಗಿನ ಆಂಟಿ, ಹಿಂದೆ ಇಡೀ ಗುಂಪು. "ಈ ಮನೆಗೆ ಹಿಡಿದ ಚಟ ಬಿಡ್ಲಿ ಅಂತ ತೇರ್ಸ್ ಹೇಳ್ಲಿಕ್ಕೆ ಬಂದದ್ದು," ಅಂದು ಹಾಲ್‌ನಲ್ಲಿ ಮೊಣಕಾಲೂರಿದರು. ತೇರ್ಸ್ ಅಂದರೆ ನಮ್ಮ ಜಪಮಾಲೆ ಪ್ರಾರ್ಥನೆ. ನಡುವೆ ಏಳುವ ಹಾಗಿಲ್ಲ. ಎದ್ದು ಅಡುಗೆಮನೆಗೆ ಓಡಿದರಂತೂ ಹೆಂಡದ ಹಂಡೆ ಅಡಗಿಸಲಿಕ್ಕೆ ಹೋದಳು ಅಂತಲೇ ಲೆಕ್ಕ. ಮಮ್ಮಿ ಜಪ ಹೇಳುತ್ತಾ ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಎದ್ದೆ. ಆಂಟಿ ನನ್ನ ಅಂಗಿ ಹಿಡಿದು ಕೂರಿಸಿದರು. "ಎಲ್ಲಿಗೆ ಪುತಾ? ಇದು ನಿನಗಾಗಿಯೇ."

ಹೊಗೆ ಬಂತು. ಮಮ್ಮಿಯ ಕಣ್ಣಲ್ಲಿ ನೀರು ನೋಡಿ ನನಗೆ ತಡೆಯಲಾಗಲಿಲ್ಲ. "ಆಂಟಿ, ಅದು ಬ್... ಬ್ರೆಡ್ಡು! ನಾನು ತಮಾಷೆಗೆ ಕಣ್ಣು ಹೊಡೆದದ್ದು!"

ಆಂಟಿ ಗುಂಪಿನ ಕಡೆ ತಿರುಗಿದರು. "ನೋಡಿ, ಹಗಲಿಗೇ ಮಾತು ತೊದಲ್ತದೆ." ನನ್ನ ಹೆಸರಿನಲ್ಲಿ ಇನ್ನೊಂದು ಸುತ್ತು ಶುರುವಾಯಿತು.

ಮುಗಿಯುವಾಗ ರೋಲುಗಳ ನೆತ್ತಿ ಕಾಡಿಗೆಯಂತೆ ಕಪ್ಪು. ಟ್ರೇ ನೋಡಿದ ಆಂಟಿ ಜಪಮಾಲೆ ಬ್ಯಾಗಿಗೆ ಹಾಕಿ ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದರು. ಹೊಸದಾಗಿ ಮಾಡಲು ಹೊತ್ತಿರಲಿಲ್ಲ. "ಕೊಟ್ಟ ಮಾತು," ಅಂತ ಮಮ್ಮಿ ಅದನ್ನೇ ಡಬ್ಬಕ್ಕೆ ತುಂಬಿ, ಹೊರಲು ನನ್ನನ್ನೇ ಎಳೆದುಕೊಂಡು ಹೋದಳು.

ಎಲ್ಲ ನರ್ಸುಗಳ ಎದುರು ಮೇಟ್ರನ್ ಡಬ್ಬ ತೆರೆದರು. ನಾನು ನನ್ನ ಚಪ್ಪಲಿಯನ್ನೇ ನೋಡುತ್ತಾ ನಿಂತೆ. ಅವರು ಒಂದನ್ನು ಮುರಿದು ಬಾಯಿಗಿಟ್ಟರು. ಆಮೇಲೆ ಕಣ್ಣೊರೆಸಿಕೊಂಡರು. "ಒಳಗೆ ಮೆತ್ತಗೆ, ಮೇಲೆ ಕಪ್ಪು. ನಮ್ಮೂರಿನಲ್ಲಿ ಇಷ್ಟು ಕಪ್ಪು ಬೇಕಾದ್ರೆ ಬೇಕರಿಯವನಿಗೆ ಮೊದಲೇ ಹೇಳಿಡ್ಬೇಕು. ನನ್ನಮ್ಮ ಮಾಡ್ತಿದ್ದದ್ದು ಹೀಗೇ. ಎಷ್ಟು ಹೊತ್ತು ಬೇಯಿಸಿದೆ ಸಿಸ್ಟರ್?"

ಮಮ್ಮಿಗೆ ಸುಳ್ಳು ಬರುವುದಿಲ್ಲ. "ಒಂದು ಜಪಮಾಲೆ, ಮೇಡಮ್."

"ಅಂದ್ರೆ ಎಷ್ಟು ಹೊತ್ತು?"

ಮಮ್ಮಿ ತಿರುಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅದು ಮಗ ಮಾಡಿದ ಪಾಪದ ಮೇಲೆ ಹೋಗ್ತದೆ ಮೇಡಮ್."